ಶಾಸಕರ ಅಭಿನಂದನ ಗ್ರಂಥ ಬರೆದ ಮೂರು ವರ್ಷ

ನಾನು ಜೀವನದಲ್ಲಿ ಬರೆದದ್ದು ಒಂದೇ ಪುಸ್ತಕ. ಇನ್ನೂರು ಪುಟದ ಮೇಲಿತ್ತು, ಗಟ್ಟಿ ರಟ್ಟು, ಮೇಲೆ ಹೊಳೆಯುವ ಹೊದಿಕೆ. ಅದರಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ. ಸಂಪಾದಕ ಮಂಡಳಿ ಅಂತ ಹನ್ನೊಂದು ಜನರ ಹೆಸರಿದೆ. ಅವರಲ್ಲಿ ಇಬ್ಬರಿಗೆ ಓದಲು ಬರುತ್ತಿರಲಿಲ್ಲ, ಒಬ್ಬರು ಪುಸ್ತಕ ಬರುವ ಹೊತ್ತಿಗೆ ತೀರಿಕೊಂಡಿದ್ದರು. ಪುಸ್ತಕದ ವಿಷಯ ನಮ್ಮ ಶಾಸಕರ ಜೀವನ ಮತ್ತು ರಾಜಕೀಯ ಸಾಧನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಈ ಮೂರರ ಸುತ್ತಮುತ್ತ ಎಲ್ಲೋ ಒಂದು ಕಡೆ ಅವರು ಶಾಸಕರಾಗಿದ್ದರು. ಎಲ್ಲಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಬೇಜಾರು ಮಾಡಿಕೊಳ್ಳುತ್ತಾರೆ. ಹೇಳದಿದ್ದರೆ ಮೂರು ಊರಿನವರೂ ಪಕ್ಕದ ಊರಿನವರನ್ನು ನೋಡಿ ನಗುತ್ತಾರೆ, ಅದು ಒಳ್ಳೆಯದು.

ಎರಡು ಸಾವಿರದ ನಾಲ್ಕೈದರ ಮಾತು. ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರು. ಮಕ್ಕಳು ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಪರೀಕ್ಷೆಯಲ್ಲಿ ಎರಡನ್ನೂ ಕಲಸಿ ಬರೆದು ನನ್ನ ಪ್ರಾಣ ತಿನ್ನುತ್ತಿದ್ದವು. ನಮ್ಮ ಮನೆಯವರು ಶಿಡ್ಲಘಟ್ಟದಲ್ಲಿ ಸರ್ಕಾರಿ ಗುಮಾಸ್ತರು. ಮಗಳಿಗೆ ಎರಡು ವರ್ಷ. ಹಳ್ಳಿಯಲ್ಲಿ ನಾನು ಪಾಠಕ್ಕೆ ಹೋದರೆ ಅವಳನ್ನು ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ಅವಳು ಶಿಡ್ಲಘಟ್ಟದಲ್ಲಿ ನಮ್ಮತ್ತೆಯ ಹತ್ತಿರ, ನಾನು ಇಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸಿಗೆ ಓಡುವುದು, ಎರಡು ಕಡೆ ಬಸ್ಸು ಬದಲಾಯಿಸಿ ಸಂಜೆಗೆ ಮನೆ ಸೇರುವುದು, ಸೋಮವಾರದ ಮೊದಲ ಬಸ್ಸಿಗೆ ವಾಪಸ್ಸು. ನನಗೆ ಬೇಕಾಗಿದ್ದದ್ದು ಶಿಡ್ಲಘಟ್ಟ ತಾಲ್ಲೂಕಿನ ಯಾವುದಾದರೂ ಒಂದು ಶಾಲೆಗೆ ವರ್ಗಾವಣೆ, ಅಷ್ಟೆ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾಗಿದ್ದರೆ ಆದಷ್ಟು ಒಂದೇ ಕಡೆ ಹಾಕಬೇಕೆಂಬ ನಿಯಮ ಆಗಲೂ ಇತ್ತು. ನಿಯಮ ಇದ್ದ ಮಾತ್ರಕ್ಕೆ ಕೆಲಸ ಆಗುವುದಾದರೆ ಶಾಸಕರು ಯಾಕೆ ಬೇಕು ಹೇಳಿ.

ಆ ವರ್ಷ ಶಾಲಾ ವಾರ್ಷಿಕೋತ್ಸವಕ್ಕೆ ಶಾಸಕರು ಬರುತ್ತಾರೆಂದು ಗೊತ್ತಾಯಿತು. ಹೆಡ್‌ಮಾಸ್ಟರು ನನ್ನನ್ನು ಕರೆದು, "ಒಂದು ಬಿನ್ನವತ್ತಳೆ ಬರೀರಿ ಮೇಡಂ. ಶಾಲೆಗೆ ಕಾಂಪೌಂಡು ಬೇಕು. ಹೊಗಳ್ದಂಗೂ ಇರ್ಬೇಕು, ಕೇಳ್ದಂಗೂ ಇರ್ಬೇಕು," ಎಂದರು. ದೊಡ್ಡವರನ್ನು ಹೊಗಳಿ ಬರೆದು, ಗಾಜಿನ ಚೌಕಟ್ಟು ಹಾಕಿಸಿ, ವೇದಿಕೆಯ ಮೇಲೆ ಓದಿ ಕೈಗೆ ಕೊಡುವ ಪತ್ರ ಅದು. ಎಂ.ಎ.ಯಲ್ಲಿ ಓದಿದ ಹಳಗನ್ನಡವನ್ನೆಲ್ಲ ನಾನು ಅದರಲ್ಲಿ ಸುರಿದೆ. ಅವರನ್ನು ಬಯಲುಸೀಮೆಯ ಭಗೀರಥ ಎಂದು ಕರೆದೆ. ಅವರು ಕ್ಷೇತ್ರಕ್ಕೆ ತಂದ ನೀರು ಎಂದರೆ ಆವತ್ತು ಜೀಪಿನಲ್ಲಿಟ್ಟುಕೊಂಡು ಬಂದಿದ್ದ ಎರಡು ಬಾಟ್ಲಿ ಮಾತ್ರ. ನಾನು ಓದುತ್ತಿದ್ದಂತೆ ಶಾಸಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಾಂಪೌಂಡು ಬರಲಿಲ್ಲ. ಆದರೆ ಅವರ ಆಪ್ತ ಸಹಾಯಕ ಬಂದು, ಇದನ್ನು ಬರೆದವರು ಯಾರು ಎಂದು ಕೇಳಿಕೊಂಡು ಹೋದ.

ಇದೇ ಸಮಯ ಎಂದುಕೊಂಡು ಮುಂದಿನ ವಾರ ಅರ್ಜಿ ಹಿಡಿದು ಅವರ ಮನೆಗೆ ಹೋದೆ. ಬೆಳಗ್ಗೆ ಏಳು ಗಂಟೆಗೇ ಜಗಲಿಯ ತುಂಬ ಜನ. ಒಳಗಿನಿಂದ ಶಾಸಕರ ಹೆಂಡತಿ ತಟ್ಟೆ ತಟ್ಟೆ ಉಪ್ಪಿಟ್ಟು ಕಳಿಸುತ್ತಿದ್ದರು. ಶಾಸಕರು ಸ್ನಾನ ಪೂಜೆ ಮುಗಿಸಿ, ಪಂಚೆ ಬನಿಯನ್ನಿನಲ್ಲಿ ಬಂದು ಬೆತ್ತದ ಕುರ್ಚಿಯಲ್ಲಿ ಕೂತರು. ಅವರ ಜ್ಞಾಪಕಶಕ್ತಿ ನೋಡಿ ನಾನು ಬೆರಗಾದೆ. "ಏನಪ್ಪ, ನಿಮ್ ತಾತನ ಕಣ್ಣಿನ ಆಪರೇಷನ್ ಆಯ್ತಾ?" "ಏನಮ್ಮ, ಮುನಿಸ್ಕೊಂಡ್ ಹೋಗಿದ್ ಸೊಸೆ ವಾಪಸ್ ಬಂದ್ಲಾ?" "ನಿಮ್ದು ಕರೀ ಎಮ್ಮೆ ಈಯ್ತಾ?" ಒಬ್ಬೊಬ್ಬರ ಮನೆಯ ಎಮ್ಮೆಯೂ ಅವರಿಗೆ ಗೊತ್ತು. ಕೇಳಿದ ಕೆಲಸಕ್ಕೆ ಮಾತ್ರ ಒಂದೇ ಉತ್ತರ. ತೆಲುಗಿನವರಿಗೆ "ಚೂದ್ದಾಂ ಲೇ", ಕನ್ನಡದವರಿಗೆ "ನೋಡಣ ಬಿಡು". ತೆಲುಗಿನಲ್ಲಿ ಹೇಳಿದರೆ ಕೆಲಸ ಆಗುವುದಿಲ್ಲ, ಕನ್ನಡದಲ್ಲಿ ಹೇಳಿದರೆ ಖಂಡಿತ ಆಗುವುದಿಲ್ಲ ಎಂದು ಜಗಲಿಯ ಹಳೆಯ ಗಿರಾಕಿಯೊಬ್ಬರು ಉಪ್ಪಿಟ್ಟು ತಿನ್ನುತ್ತ ನನಗೆ ವಿವರಿಸಿದರು. ಹಾಗಾದರೆ ನೀವು ಯಾಕೆ ಬರುತ್ತೀರಿ ಎಂದು ಕೇಳಿದೆ. "ಮಾತಾಡಿಸ್ತಾರಲ್ಲಮ್ಮ," ಎಂದರು.

ನನ್ನ ಸರದಿ ಬಂದಾಗ ಶಾಸಕರು ಎದ್ದು ನಿಂತು ಕೈ ಮುಗಿದರು. ಜಗಲಿಯವರೆಲ್ಲ ನನ್ನನ್ನೇ ನೋಡಿದರು.

"ಬಿನ್ನವತ್ತಳೆ ಟೀಚರಮ್ಮ ಅಲ್ವಾ? ಕೂತ್ಕೊಳ್ಳಿ, ಕೂತ್ಕೊಳ್ಳಿ."

"ಮಗು ಚಿಕ್ಕದು ಸಾರ್, ಶಿಡ್ಲಘಟ್ಟದ ಕಡೆ ಒಂದು ಟ್ರಾನ್ಸ್‌ಫರ್..."

"ಗೊತ್ತಮ್ಮ, ಗೊತ್ತು. ಅದೇನ್ ಮಹಾ ಕೆಲ್ಸ. ಅರ್ಜಿ ಗಿರ್ಜಿ ಅಂತ ಆಫೀಸ್ ಬಾಗಿಲು ಕಾಯ್ಬೇಡಿ, ನಾನಿಲ್ವಾ? ಮೊದ್ಲು ನಂದೊಂದು ಕೆಲ್ಸ ಮಾಡ್ಕೊಡಿ."

ಅವರ ಕೆಲಸ ಏನೆಂದರೆ, ಮುಂದಿನ ವರ್ಷ ಅವರಿಗೆ ಐವತ್ತು ತುಂಬುತ್ತದೆ. ಅಭಿಮಾನಿಗಳು ಒಂದು ಅಭಿನಂದನ ಗ್ರಂಥ ತರಬೇಕೆಂದು ಹಟ ಹಿಡಿದಿದ್ದಾರೆ. ಹಟ ಹಿಡಿದ ಅಭಿಮಾನಿ ಯಾರು ಎಂದು ಮೂರು ವರ್ಷ ಹುಡುಕಿದರೂ ನನಗೆ ಸಿಗಲಿಲ್ಲ. ಪಕ್ಕದ ಕ್ಷೇತ್ರದವರದ್ದು ಆಗಲೇ ಬಂದಿತ್ತು. ಶಾಸಕರು ಎರಡು ಬೆರಳು ಹಿಡಿದು ಅದರ ದಪ್ಪ ತೋರಿಸಿ, "ನಮ್ದು ಇದಕ್ಕಿಂತ ಒಂದು ಬೆರಳು ಜಾಸ್ತಿ ಇರ್ಬೇಕು. ಪುಸ್ತಕ ಬಿಡುಗಡೆ ಆದ ದಿನ ನಿಮ್ಮ ಆರ್ಡರೂ ಬಿಡುಗಡೆ," ಎಂದರು. ನನಗೆ ಆಕಾಶ ಮೂರೇ ಗೇಣು. ಒಂದು ವರ್ಷ ತಾನೆ, ಮಗಳಿಗೆ ಮೂರು ತುಂಬುವಷ್ಟರಲ್ಲಿ ಊರು ಸೇರಿರುತ್ತೇನೆ ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದೆ.

ಪುಸ್ತಕ ಬರೆಯಬೇಕೆಂದರೆ ಪಾಠ ಮಾಡುತ್ತ ಕೂತರೆ ಆಗುವುದಿಲ್ಲ. ನನ್ನನ್ನು ಶಾಲೆಯಿಂದ ತಾಲ್ಲೂಕಿನ ಶಿಕ್ಷಣ ಕಚೇರಿಗೆ ನಿಯೋಜನೆ ಮಾಡಿಸಬೇಕು, ಕಾಗದದಲ್ಲಿ ಸಾಕ್ಷರತೆಯ ಕೆಲಸ, ನಿಜದಲ್ಲಿ ಶಾಸಕರ ಕೆಲಸ ಎಂದು ತೀರ್ಮಾನವಾಯಿತು. ಆಪ್ತ ಸಹಾಯಕ ಮೊದಲು ಹಾಲಿನ ಸೊಸೈಟಿಯಲ್ಲಿ ಹಾಲಿನ ಜಿಡ್ಡು ಅಳೆಯುತ್ತಿದ್ದವನು. ಅವನ ಬೀರುವಿನಲ್ಲಿ ಶಾಸಕರು ಮೊದಲೇ ಸಹಿ ಹಾಕಿಟ್ಟ ಖಾಲಿ ಲೆಟರ್‌ಹೆಡ್ಡುಗಳ ಒಂದು ಕಟ್ಟು ಇತ್ತು. ಅದರಲ್ಲಿ ಒಂದನ್ನು ಎಳೆದು ನನ್ನ ಮುಂದಿಟ್ಟು, "ನಿಮ್ಗಿಂತ ಚೆನ್ನಾಗಿ ಯಾರ್ ಬರೀತಾರೆ ಟೀಚರಮ್ಮ, ನೀವೇ ಬರ್ಕೊಳ್ಳಿ," ಎಂದ. ಬರೆದೆ. ಕೊನೆಗೆ ಅವನು, "ಬೇರೆ ಕಡೆ ಕಳಿಸ್ಬಾರ್ದು ಅಂತ ಒಂದು ಸಾಲು ಗಟ್ಟಿಯಾಗಿ ಹಾಕಿ. ಇಲ್ದಿದ್ರೆ ನಿಮ್ ಹೆಡ್‌ಮಾಸ್ಟ್ರು ಮೂರೇ ದಿನಕ್ಕೆ ವಾಪಸ್ ಕರ್ಸ್ಕೊತಾರೆ," ಎಂದ. ಗಟ್ಟಿಯಾಗಿ ಹಾಕಿದೆ. ‘ಸದರಿ ಶಿಕ್ಷಕಿಯವರ ಸೇವೆಯು ಈ ಕ್ಷೇತ್ರಕ್ಕೆ ಅನಿವಾರ್ಯವಾಗಿರುವುದರಿಂದ, ಮುಂದಿನ ಸೂಚನೆಯವರೆಗೆ ಯಾವುದೇ ಕಾರಣಕ್ಕೂ, ಯಾವುದೇ ಸ್ಥಳಕ್ಕೂ ಬಿಡುಗಡೆಗೊಳಿಸಕೂಡದು.’ ಬರೆದ ಮೇಲೆ ಎರಡು ಸಲ ಓದಿಕೊಂಡು, ವಾಕ್ಯ ಎಷ್ಟು ಚೆನ್ನಾಗಿ ಬಂದಿದೆ ಎಂದು ಹೆಮ್ಮೆಪಟ್ಟೆ.

ಆಮೇಲೆ ಚರಿತ್ರೆ ಶುರುವಾಯಿತು. ಬಾಲ್ಯಕ್ಕಾಗಿ ಶಾಸಕರ ತಾಯಿಯ ಹತ್ತಿರ ಹೋದೆ. ಎಂಬತ್ತು ದಾಟಿದ ಮುದುಕಿ, ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನ ಕೈಗೂ ಒಂದು ಬೊಗಸೆ ಕಾಯಿ ಹಾಕಿ, "ಏನ್ ಬರೀತೀಯಮ್ಮ ಇವನ್ದು? ಇಸ್ಕೂಲಿಗೆ ಹೋಗೋ ಅಂದ್ರೆ ಹುಣಸೇ ಮರ ಹತ್ತಿ ಕೂತ್ಕಂತಿದ್ದ. ಕೆಳಗಡೆ ಕೋಲು ಹಿಡ್ಕಂಡು ನಾನು ಸಾಯಂಕಾಲದವರ್ಗೂ ಕಾಯ್ಬೇಕಿತ್ತು," ಎಂದರು. ನಾನು ಬರೆದೆ: ಎತ್ತರದಲ್ಲಿ ನಿಂತು ಸಮಾಜವನ್ನು ಅವಲೋಕಿಸುವ ಗುಣ ಇವರಿಗೆ ಬಾಲ್ಯದಿಂದಲೇ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಅವರು ಮೂರು ಸಲ ಕೂತಿದ್ದರು. ಅದಕ್ಕೆ, ‘ಎಸ್ಸೆಸ್ಸೆಲ್ಸಿಯ ವಿಷಯಗಳಲ್ಲಿ ಮೂರು ವರ್ಷಗಳ ಆಳವಾದ ಅಧ್ಯಯನ ನಡೆಸಿದರು’ ಎಂದು ಬರೆದೆ. ಓದಿ ಹೇಳಿದಾಗ ಶಾಸಕರು ಬೆತ್ತದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ನಂಗೇ ಗೊತ್ತಿರ್ಲಿಲ್ಲ ನೋಡಿ," ಎಂದರು.

ಮುಂದಿನದು ಹಾಲಿನ ಸೊಸೈಟಿ. ನಮ್ಮ ಕಡೆ ರಾಜಕೀಯ ಹುಟ್ಟುವುದೇ ಡೈರಿಯಲ್ಲಿ. ಇಪ್ಪತ್ತೆಂಟನೇ ವಯಸ್ಸಿಗೆ ಅವರು ಸೊಸೈಟಿ ಅಧ್ಯಕ್ಷರಾದರು. ಅವರಿಗೆ ಓಟು ಹಾಕದವರ ಹಾಲಿನಲ್ಲಿ ಜಿಡ್ಡು ಮಾಯವಾಗುತ್ತಿತ್ತು, ಹಾಕಿದವರ ನೀರಿನಲ್ಲೂ ಕಾಣಿಸುತ್ತಿತ್ತು. ಅಳೆಯುತ್ತಿದ್ದವನು ಇದೇ ಆಪ್ತ ಸಹಾಯಕ, ಅವನೇ ನನಗೆ ನಗುತ್ತ ಹೇಳಿದ್ದು. ಪುಸ್ತಕದಲ್ಲಿ ಅದು ‘ಗುಣಮಟ್ಟದ ವಿಷಯದಲ್ಲಿ ರಾಜಿಯಿಲ್ಲದ ಹೋರಾಟ’. ಆಮೇಲೆ ತಾಲ್ಲೂಕು, ಜಿಲ್ಲೆ. ವಿಧಾನಸಭೆಗೆ ಮೊದಲ ಸಲ ನಿಂತು ಸೋತರು. ಸೋತರು ಎಂದು ಬರೆಯುವ ಹಾಗಿಲ್ಲ. ‘ಜನರ ಪ್ರೀತಿಯನ್ನು ಎರಡನೇ ಸ್ಥಾನದಲ್ಲಿದ್ದು ಸ್ವೀಕರಿಸಿದರು’ ಎಂದೆ. ಎರಡನೇ ಸಲ ಪಕ್ಷ ಟಿಕೆಟ್ ಕೊಡಲಿಲ್ಲವಾಗಿ ಪಕ್ಷೇತರರಾಗಿ ನಿಂತರು. ಗುರುತು ಹೊಲಿಗೆ ಯಂತ್ರ.

ಆ ಹೊಲಿಗೆ ಯಂತ್ರ ಅವರನ್ನು ಗೆಲ್ಲಿಸಿತು, ಆಮೇಲೆ ಗೋಳು ಹೊಯ್ದುಕೊಂಡಿತು. ಪ್ರಚಾರದಲ್ಲಿ ಅವರ ಕಡೆಯವರು ಊರೂರಿಗೂ ಆಟೋದ ಮೇಲೆ ಒಂದು ನಿಜವಾದ ಹೊಲಿಗೆ ಮಿಷನ್ ಕಟ್ಟಿಕೊಂಡು ಹೋಗಿ, "ಇದಕ್ಕೇ ಓಟು, ಇದಕ್ಕೇ ಓಟು" ಎಂದು ತೋರಿಸಿದ್ದರು. ಗೆದ್ದ ಮಾರನೇ ವಾರ ಹೆಂಗಸರು ರೇಷನ್ ಕಾರ್ಡು ಹಿಡಿದು ಜಗಲಿಗೆ ಬಂದರು. ಓಟು ಹಾಕಿದ್ದೀವಿ, ಮಿಷನ್ ಎಲ್ಲಿ? ಅದು ಗುರುತು ಕಣ್ರಮ್ಮ ಎಂದರೆ, "ಗುರುತಿಗೇ ತಾನೇ ಸಾಮಿ ನಾವ್ ಒತ್ತಿದ್ದು," ಎಂದರು. ನಾನು ಹೋಗುವ ಕಾಲಕ್ಕೂ ವಾರಕ್ಕೊಬ್ಬರಾದರೂ ಬರುತ್ತಿದ್ದರು. ಶಾಸಕರು ಅವರ ಸೊಸೆಯನ್ನೂ ಎಮ್ಮೆಯನ್ನೂ ವಿಚಾರಿಸಿ, ಉಪ್ಪಿಟ್ಟು ಕೊಡಿಸಿ, "ಚೂದ್ದಾಂ ಲೇಮ್ಮಾ" ಎಂದು ಕಳಿಸುತ್ತಿದ್ದರು. ಪುಸ್ತಕದಲ್ಲಿ ಆ ಅಧ್ಯಾಯದ ಹೆಸರು ‘ಮಹಿಳಾ ಸಬಲೀಕರಣ’.

ಹೀಗೆ ಆರು ತಿಂಗಳಲ್ಲಿ ಪುಸ್ತಕ ಮುಗಿಯಬೇಕಿತ್ತು. ಮುಗಿಯದಿದ್ದದ್ದು ನಲವತ್ತೊಂದನೇ ಪುಟದಿಂದ. ಅಲ್ಲಿ ‘ನನ್ನ ದಾರಿದೀಪ’ ಎಂದು ಅವರಿಗೆ ಪ್ರೇರಣೆ ಕೊಟ್ಟ ನಾಯಕರ ಬಗ್ಗೆ ಒಂದು ಅಧ್ಯಾಯ, ಜೊತೆಗೊಂದು ಫೋಟೋ. ಸರ್ಕಾರ ಬದಲಾದಾಗಲೆಲ್ಲ ಶಾಸಕರ ದಾರಿದೀಪವೂ ಬದಲಾಗುತ್ತಿತ್ತು. ಅವರ ಜೀಪು ಮುರುಗಮಲ್ಲದ ಕಡೆ ಹೊರಟಿತೆಂದರೆ ನಾನು ಆ ಪುಟ ತೆಗೆದಿಟ್ಟುಕೊಳ್ಳುತ್ತಿದ್ದೆ. ದೊಡ್ಡ ತೀರ್ಮಾನಕ್ಕೆ ಮೊದಲು ದರ್ಗಾಕ್ಕೆ ಹೋಗಿ ಹರಕೆ ಹೊತ್ತು ಬರುವುದು ಅವರ ಪದ್ಧತಿ. ಬಂದ ಮಾರನೇ ದಿನ ನನಗೆ ಹೇಳುವರು: "ಟೀಚರಮ್ಮ, ಆ ನಲವತ್ತೊಂದು ಒಂಚೂರು ತಿದ್ಬೇಕು." ತಿದ್ದುವುದೆಂದರೆ ಬಾಲ್ಯದಿಂದ ತಿದ್ದಬೇಕು, ಯಾಕೆಂದರೆ ಹೊಸ ನಾಯಕರ ಭಾಷಣವನ್ನು ಇವರು ಹುಣಸೆ ಮರದ ಮೇಲೆ ಕೂತು ಕೇಳಿರಬೇಕು. ಎರಡನೇ ಸಲವಾದ ಮೇಲೆ ನಾನು ಜಾಣಳಾಗಿ, ನಾಯಕರ ಹೆಸರಿನ ಜಾಗವನ್ನೆಲ್ಲ ಖಾಲಿ ಬಿಟ್ಟೆ. ಅವರ ಗುಣಗಾನ ಮಾತ್ರ ಹಾಗೇ ಇರಿಸಿದೆ, ಅದು ಯಾರಿಗಾದರೂ ಹೊಂದುತ್ತಿತ್ತು.

ಇತ್ತ ನನ್ನ ಶನಿವಾರಗಳೂ ಹೋದವು. ಶಾಸಕರು ಕ್ಷೇತ್ರದಲ್ಲಿ ಕೈಗೆ ಸಿಗುತ್ತಿದ್ದದ್ದೇ ಶನಿವಾರ ಭಾನುವಾರ. "ಈ ವಾರ ಒಂದಿದ್ದು ಹೋಗಿ ಟೀಚರಮ್ಮ, ಮುಗ್ದೇ ಹೋಯ್ತಲ್ಲ," ಎನ್ನುವರು. ವಾರಕ್ಕೊಂದು ಸಲ ಊರಿಗೆ ಹೋಗುತ್ತಿದ್ದವಳು ಹದಿನೈದು ದಿನಕ್ಕೊಂದು ಸಲ ಹೋಗುವ ಹಾಗಾಯಿತು. ಮೊದಲ ದಾರಿದೀಪದ ಕಾಲಕ್ಕೆ ಮಗಳು ಪೂರ್ತಿ ವಾಕ್ಯ ಮಾತಾಡಲು ಕಲಿತಳು, ನಾನು ಇರಲಿಲ್ಲ. ಎರಡನೆಯದರ ಕಾಲಕ್ಕೆ ಶಿಶುವಿಹಾರಕ್ಕೆ ಸೇರಿದಳು, ಬಿಟ್ಟುಬಂದವರು ನಮ್ಮತ್ತೆ. ಅತ್ತೆ ಎಂದೂ ನನಗೆ ಎದುರಾಡಿದವರಲ್ಲ. ಒಂದು ಭಾನುವಾರ ರಾಗಿಮುದ್ದೆ ತೊಳಸುತ್ತ, ನನ್ನ ಕಡೆ ತಿರುಗದೆ, "ಆ ಎಮ್ಮೆಲ್ಲೆ ಹುಟ್ಟಿ ಬೆಳ್ದಿದ್ದೆಲ್ಲ ಬರ್ದೆ. ನಿನ್ ಮಗಳು ಬೆಳ್ದಿದ್ದ ನೋಡಿದ್ಯೇನಮ್ಮ?" ಎಂದರು. ನಾನು ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ.

ಶಾಸಕರನ್ನು ಪೂರಾ ಬೈದುಬಿಡೋಣವೆಂದರೆ ಅದಕ್ಕೂ ಆ ಮನುಷ್ಯ ಬಿಡಲಿಲ್ಲ. ಒಮ್ಮೆ ಚಿಕ್ಕಬಳ್ಳಾಪುರದ ಮುದ್ರಣಾಲಯಕ್ಕೆಂದು ಅವರ ಜೀಪಿನಲ್ಲೇ ಹೋಗುತ್ತಿದ್ದೆವು. ಪೆರೇಸಂದ್ರದ ಹತ್ತಿರ ಹೈವೇ ಪಕ್ಕ ಒಬ್ಬ ತುಂಬು ಬಸುರಿ ನೋವು ತಿನ್ನುತ್ತ ಕೂತಿದ್ದಳು, ಜೊತೆಗೆ ಅವಳ ತಾಯಿ. ಶಾಸಕರು ಜೀಪು ನಿಲ್ಲಿಸಿ, ತಾವು ಇಳಿದು, ನನ್ನನ್ನೂ ಇಳಿಸಿ, ಅವರಿಬ್ಬರನ್ನು ಆಸ್ಪತ್ರೆಗೆ ಕಳಿಸಿದರು. ಅವಳ ಹೆಸರು ಕೂಡ ಕೇಳಲಿಲ್ಲ. ಬಿಸಿಲಿನಲ್ಲಿ ಒಂದು ಗಂಟೆ ನಿಂತು, ಕೊನೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದೆವು. ಇದನ್ನು ನಾನು ತುಂಬ ಪ್ರೀತಿಯಿಂದ ಬರೆದೆ. ಇಡೀ ಪುಸ್ತಕದಲ್ಲಿ ಸುಳ್ಳಿಲ್ಲದ ಒಂದೇ ಪುಟ. ಅವರು ಅದನ್ನು ಹೊಡೆದು ಹಾಕಿದರು. "ಇದೆಲ್ಲ ಯಾಕೆ, ಯಾರಾದ್ರೂ ಮಾಡೋದೇ. ಆ ಜಾಗದಲ್ಲಿ ನಾನು ಸಿಂಗಾಪುರಕ್ಕೆ ಹೋಗಿದ್ದು ಹಾಕಿ," ಎಂದರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ ಎಂದು ನನಗೆ ಸಿಟ್ಟು ಬಂತು.

ಐವತ್ತನೇ ಹುಟ್ಟುಹಬ್ಬದ ಪುಸ್ತಕ ಅವರ ಐವತ್ತೆರಡನೇ ವಯಸ್ಸಿನಲ್ಲಿ ಅಚ್ಚಾಯಿತು. ಅಚ್ಚಾಗಿ ಬಂದು ಬಿಡುಗಡೆಗೆ ನಾಲ್ಕು ದಿನ ಇದೆ ಎನ್ನುವಾಗ ಜೀಪು ಮತ್ತೆ ಮುರುಗಮಲ್ಲಕ್ಕೆ ಹೋಗಿಬಂತು. ಇನ್ನು ಅಚ್ಚು ಹಾಕಿಸಲು ಸಮಯವಿಲ್ಲ. ಹೊಸ ನಾಯಕರ ಫೋಟೋವನ್ನೂ ಹೆಸರಿನ ಚೀಟಿಗಳನ್ನೂ ಬೇರೆ ಮುದ್ರಿಸಿ ತಂದು, ಜಗಲಿಯಲ್ಲಿ ಹತ್ತು ಜನ ಕೂತು, ಶಾಸಕರ ಹೆಂಡತಿ ಕಾಯಿಸಿಕೊಟ್ಟ ಮೈದಾ ಅಂಟಿನಿಂದ ಹಳೆಯ ನಾಯಕರ ಮೇಲೆ ಅಂಟಿಸಿದೆವು. ಮಳೆಗಾಲ ಬೇರೆ. ಅಂಟು ಒಣಗದೆ ಹೊಸ ನಾಯಕರು ಮೂಲೆಯಲ್ಲಿ ಮೇಲೆದ್ದು, ಹಳೆಯವರು ಕೆಳಗಿನಿಂದ ಇಣುಕುತ್ತಿದ್ದರು. ಓದಲು ಬರುವವರು ಪುಸ್ತಕ ಕೈಗೆ ಬಂದ ಕೂಡಲೇ ಮೊದಲು ಆ ಪುಟ ತೆಗೆದು ಉಗುರಿನಿಂದ ಕೆರೆಯುತ್ತಿದ್ದರು.

ಬಿಡುಗಡೆ ಕಲ್ಯಾಣ ಮಂಟಪದಲ್ಲಿ. ಅಭಿಮಾನಿಗಳು ಶಾಸಕರಿಗೆ ಪುಸ್ತಕದ ತುಲಾಭಾರ ಮಾಡಿದರು, ಅವರದೇ ಪುಸ್ತಕದಿಂದ. ಒಂದು ತಟ್ಟೆಯಲ್ಲಿ ಅವರು, ಇನ್ನೊಂದರಲ್ಲಿ ಅವರ ಜೀವನ ಚರಿತ್ರೆ. ಎಷ್ಟು ಪ್ರತಿ ಹಾಕಿದರೂ ಅವರು ಮೇಲೇಳಲಿಲ್ಲ, ಹಂಚಲು ಇಟ್ಟಿದ್ದವನ್ನೂ ತಂದು ಹಾಕಬೇಕಾಯಿತು. ಭಾಷಣ ಮಾಡಿದ ಏಳು ಜನರಲ್ಲಿ ಯಾರೂ ಅದನ್ನು ಓದಿರಲಿಲ್ಲ. ಎಲ್ಲ ಮುಗಿದ ಮೇಲೆ ಶಾಸಕರು ನನ್ನನ್ನು ಕರೆದು, ನನ್ನ ಕಣ್ಣೆದುರಿಗೇ ಒಂದು ಲೆಟರ್‌ಹೆಡ್ಡಿಗೆ ಸಹಿ ಹಾಕಿದರು. "ಮಾತು ಕೊಟ್ಟಿದ್ನಲ್ಲ. ನಾಳೆನೇ ಹೋಗಿ ಟೀಚರಮ್ಮ," ಎಂದರು. ನಾನು ಅವರ ಕಾಲಿಗೆ ಬಿದ್ದೆ. ಹೌದು, ಬಿದ್ದೆ, ಈಗ ಮುಚ್ಚಿಟ್ಟು ಏನು ಪ್ರಯೋಜನ.

ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಆಗತಾನೆ ಜಿಲ್ಲೆಯಾಗಿತ್ತು. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಕಡತಗಳು ಇನ್ನೂ ಗೋಣಿಚೀಲದಲ್ಲಿದ್ದವು. ವರ್ಗಾವಣೆ ನೋಡುವ ಗುಮಾಸ್ತರು ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಮರ್ಯಾದಸ್ಥರು. ಶಾಸಕರ ಪತ್ರವನ್ನು ಎರಡೂ ಕೈಯಿಂದ ತೆಗೆದುಕೊಂಡು, ಓದದೆ, ಅಂಥದೇ ಪತ್ರಗಳ ಒಂದು ಕಟ್ಟಿನ ಮೇಲಿಟ್ಟರು. "ಈಗೆಲ್ಲ ಕೌನ್ಸೆಲಿಂಗ್ ಮೇಡಂ. ಪತ್ರದ ಮೇಲೆ ನಡೆಯಲ್ಲ. ನಿಮ್ದು ಗಂಡ ಹೆಂಡತಿ ಕೇಸಲ್ವಾ? ಈ ಬೇಸಿಗೇಲೇ ಆಗ್ಬೇಕಿತ್ತಲ್ಲ," ಎಂದು ನನ್ನ ಕಡತ ಹುಡುಕಿ ತೆಗೆದರು.

"ನಿಮ್ ಹೆಡ್‌ಮಾಸ್ಟ್ರು ಅರ್ಹರ ಪಟ್ಟೀಲಿ ನಿಮ್ ಹೆಸರೂ ಕಳ್ಸಿದಾರೆ ನೋಡಿ. ಶಿಡ್ಲಘಟ್ಟ ತಾಲ್ಲೂಕಲ್ಲಿ ಎರಡು ಕನ್ನಡ ಪೋಸ್ಟ್ ಖಾಲಿ ಇತ್ತು. ನಿಮ್ಗೆ ಗ್ಯಾರಂಟಿ ಸಿಕ್ತಿತ್ತು. ಆದ್ರೆ..." ಎಂದು ಒಂದು ಹಾಳೆ ತಿರುವಿ ನನ್ನ ಕಡೆಗೆ ಹಿಡಿದರು. "ಈ ಕಾಗದ ನೋಡಿ ಹೆಸರು ತೆಗ್ದಿದಾರೆ."

ನನ್ನದೇ ದುಂಡಗಿನ ಅಕ್ಷರ. ಯಾವುದೇ ಕಾರಣಕ್ಕೂ, ಯಾವುದೇ ಸ್ಥಳಕ್ಕೂ ಬಿಡುಗಡೆಗೊಳಿಸಕೂಡದು. ಶಾಸಕರು ಸಹಿ ಹಾಕಿದ ಸಾವಿರಾರು ಪತ್ರಗಳಲ್ಲಿ ನನಗೆ ಗೊತ್ತಿದ್ದಂತೆ ಕೆಲಸ ಮಾಡಿದ್ದು ಇದೊಂದೇ. ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದೆ, ಅದೂ ಒಳ್ಳೆಯ ವ್ಯಾಕರಣದಲ್ಲಿ.

"ಈಗ ಏನ್ ಮಾಡ್ಬೇಕು?" ಎಂದೆ.

"ನಿಯೋಜನೆ ರದ್ದು ಮಾಡಿಸ್ಕೊಂಡು ಶಾಲೆಗೆ ಹೋಗಿ ಮೇಡಂ. ಹೊಸ ರೂಲು ಬಂದಿದೆ, ಇನ್ಮೇಲೆ ನಿಯೋಜನೆ ವರ್ಷಗಳು ಸರ್ವೀಸಿಗೆ ಬರಲ್ಲ. ಮತ್ತೆ ಮೂರು ವರ್ಷ ಪಾಠ ಮಾಡಿ, ಆಮೇಲೆ ಅರ್ಜಿ ಹಾಕಿ."

ಶಾಸಕರ ಮನೆಗೆ ಓಡಿದೆ. ಅವರಿರಲಿಲ್ಲ. ಸರ್ಕಾರ ಅಲ್ಲಾಡುತ್ತಿದ್ದದ್ದರಿಂದ ಎಲ್ಲ ಶಾಸಕರನ್ನೂ ಬಸ್ಸಿನಲ್ಲಿ ಕೂರಿಸಿ ಯಾವುದೋ ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದರಂತೆ. ಫೋನೂ ಕಿತ್ತುಕೊಂಡಿದ್ದಾರೆ ಎಂದು ಅವರ ಹೆಂಡತಿ ಕಣ್ಣೀರು ಹಾಕಿದರು. ನಾನು ಶಾಲೆಗೆ ಹೋಗಿ ಒಂಬತ್ತನೇ ತರಗತಿಗೆ ಸಂಧಿ ಸಮಾಸ ಶುರು ಮಾಡಿದೆ. ಮತ್ತೆ ಆ ಜಗಲಿ ಹತ್ತಲಿಲ್ಲ.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಎಷ್ಟು ಓಟಿನಿಂದ ಎಂದು ಹೇಳಿದರೆ ಕ್ಷೇತ್ರ ಗೊತ್ತಾಗಿಬಿಡುತ್ತದೆ. ತಿಂಗಳ ಮೇಲೆ ಆಪ್ತ ಸಹಾಯಕನ ಕೈಲಿ ಹೇಳಿಕಳಿಸಿದರು, ಒಂದು ಸಲ ಬಂದುಹೋಗಬೇಕಂತೆ ಎಂದು. ಹೋದೆ, ಮುಖದ ಮೇಲೆ ಹೊಡೆದ ಹಾಗೆ ನಾಲ್ಕು ಮಾತಾಡಿ ಬರಬೇಕೆಂದೇ ಹೋದೆ. ಜಗಲಿ ಖಾಲಿ ಇತ್ತು. ಅವರೇ ಒಳಗಿನಿಂದ ನನಗೊಂದು ಕುರ್ಚಿ ತಂದು ಹಾಕಿದರು.

"ಎರಡನೇ ಮುದ್ರಣ ತರಣ ಟೀಚರಮ್ಮ. ಈ ಸೋಲಿನ ಬಗ್ಗೆ ಒಂದು ಅಧ್ಯಾಯ ಸೇರ್ಸಿ. ನಿಮ್ಮಂಗೆ ಬರೆಯೋರು ಯಾರಿದಾರೆ?"

"ನಿಮ್ ಕಾಗದದಿಂದ ನನ್ನ ಟ್ರಾನ್ಸ್‌ಫರ್ ನಿಂತೋಯ್ತು ಸಾರ್," ಎಂದೆ. ಪಟ್ಟಿಯಿಂದ ಹೆಸರು ತೆಗೆದದ್ದು, ಮತ್ತೆ ಮೂರು ವರ್ಷ, ಎಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿದರು.

"ಆ ಕಾಗದ ನೀವೇ ಬರ್ಕೊಂಡಿದ್ದಲ್ವಾ?"

"ಸೈನ್ ನಿಮ್ದು ಸಾರ್."

"ನಾನು ಖಾಲಿ ಹಾಳೆಗಲ್ವಾ ಟೀಚರಮ್ಮ ಸೈನ್ ಹಾಕಿದ್ದು," ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ ಮಗಳಿಗೆ ಆರು ವರ್ಷ ಆಗ್ತಾ ಬಂತು ಸಾರ್. ಇನ್ನೂ ಅವ್ಳು ಅಜ್ಜಿ ಹತ್ರಾನೇ ಇರ್ಬೇಕು," ಎಂದೆ. ನನ್ನ ದನಿ ಏರಿತ್ತು.

ಅವರು ನಿಜವಾಗಿಯೂ ಬೆಚ್ಚಿಬಿದ್ದರು. "ನಿಮ್ಗೆ ಮಗಳಿದಾಳಾ?"

ಮೂರು ವರ್ಷ ಆ ಜಗಲಿಯಲ್ಲಿ ಕೂತಿದ್ದೇನೆ. ಅರ್ಜಿಯ ಮೊದಲ ಸಾಲೇ ಮಗಳದ್ದು. ಅವರು ಕಣ್ಣು ಮುಚ್ಚಿ, ಹಣೆಗೆ ಬೆರಳೊತ್ತಿ, ಕಷ್ಟಪಟ್ಟು ನೆನಪು ಮಾಡಿಕೊಳ್ಳಲು ನೋಡಿದರು. ಯಾವ ಹಳ್ಳಿಯ ಯಾವ ಎಮ್ಮೆಯನ್ನೂ ಮರೆಯದ ತಲೆಯಲ್ಲಿ ನನ್ನ ಮಗು ಇರಲಿಲ್ಲ. ಆಮೇಲೆ ಏನೋ ಹೊಳೆದಂತೆ ಕಣ್ಣು ಬಿಟ್ಟರು.

"ನಿಮ್ ಓಟು ಎಲ್ಲಿದೆ ಟೀಚರಮ್ಮ?"

"ಶಿಡ್ಲಘಟ್ಟದಲ್ಲಿ."

"ಅದಕ್ಕೇ," ಎಂದರು. ತಮ್ಮ ಜ್ಞಾಪಕಶಕ್ತಿ ಕೆಟ್ಟಿಲ್ಲ ಎಂದು ಅವರಿಗೆ ದೊಡ್ಡ ಸಮಾಧಾನವಾಗಿತ್ತು. ಇದರಲ್ಲಿ ನನಗೆ ನೋವಾಗುವಂಥದ್ದು ಏನಾದರೂ ಇದೆ ಎಂದು ಅವರಿಗೆ ತೋರಲಿಲ್ಲ. ಕಾಫಿ ತಂದು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ಮಗು ಹೆಸರೇನಮ್ಮ?" ಎಂದು ಕೇಳಿದರು. ಹೇಳಿದೆ. ಪುಸ್ತಕ ಬರೆಯೋದಕ್ಕಾಗಲ್ಲ ಸಾರ್ ಎಂದಷ್ಟೇ ಹೇಳಿ, ಕಾಫಿ ಕುಡಿದು, ಲೋಟ ಅವರ ಹೆಂಡತಿಯ ಕೈಗೆ ಕೊಟ್ಟು ಬಂದೆ.

ಮೂರು ವರ್ಷ ಪಾಠ ಮಾಡಿದೆ. ಅರ್ಜಿ ಹಾಕಿದೆ. ಕೌನ್ಸೆಲಿಂಗಿನಲ್ಲಿ ನನ್ನ ಹೆಸರು ಕೂಗಿದರು, ಪರದೆಯ ಮೇಲೆ ಖಾಲಿ ಶಾಲೆಗಳನ್ನು ತೋರಿಸಿದರು, ಶಿಡ್ಲಘಟ್ಟದ ಹತ್ತಿರದ್ದೊಂದನ್ನು ಆರಿಸಿದೆ, ಸಹಿ ಹಾಕಿದೆ. ಒಂದು ಕಾಫಿ ಕುಡಿಯುವಷ್ಟು ಹೊತ್ತು. ಯಾರ ಪತ್ರವೂ ಬೇಕಾಗಲಿಲ್ಲ, ಯಾರನ್ನೂ ಭಗೀರಥ ಎನ್ನಬೇಕಾಗಲಿಲ್ಲ.

ಟ್ರಂಕು, ಹಾಸಿಗೆ, ಸ್ಟವ್ವು ಎಲ್ಲ ಆಟೋದಲ್ಲಿ ಹಾಕಿಕೊಂಡು ಒಂದು ಶನಿವಾರ ಮನೆಯ ಮುಂದೆ ಇಳಿದೆ. ಮಗಳು ಬಾಗಿಲಲ್ಲಿ ನಿಂತು ಸಾಮಾನು ಇಳಿಸುವುದನ್ನು ನೋಡುತ್ತಿದ್ದಳು.

"ಎಷ್ಟು ದಿನ ರಜ?" ಎಂದಳು.

"ರಜ ಅಲ್ಲ ಕಣೇ. ಬಂದ್ಬಿಟ್ಟೆ. ಇನ್ಮೇಲೆ ಇಲ್ಲೇ."

ಬಂದು ಟ್ರಂಕಿನ ಪಕ್ಕ ನಿಂತಳು. "ಹಂಗಾದ್ರೆ ಸೋಮವಾರ ನಾನು ನಿದ್ದೆ ಬಂದಿರೋ ಹಂಗೆ ಮಲ್ಕೊಂಡಿರೋದು ಬೇಡ್ವಾ?"

ಏನೇ ಅದು ಎಂದೆ. ಸೋಮವಾರ ಬೆಳಗಿನ ಜಾವ ನಾನೆದ್ದು ಹೊರಡುವಾಗ ಪ್ರತಿ ಸಲವೂ ಅವಳಿಗೆ ಎಚ್ಚರವಾಗುತ್ತಿತ್ತಂತೆ. ಎದ್ದರೆ ಅಮ್ಮ ಅಳುತ್ತಾಳೆ, ಬಸ್ಸು ಹೋಗಿಬಿಡುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದರಂತೆ. "ಕಣ್ಣು ಗಟ್ಟಿಯಾಗಿ ಮುಚ್ಕೋಬಾರ್ದು, ಗೊತ್ತಾಗೋಗುತ್ತೆ. ಮೆಲ್ಲಗೆ ಮುಚ್ಕೋಬೇಕು," ಎಂದು, ಟ್ರಂಕಿನ ಮೇಲೆ ತಲೆಯಿಟ್ಟು, ಹೇಗೆಂದು ಮಾಡಿ ತೋರಿಸಿದಳು.